ಯಾವ ಮಗುವಿಗೂ ಇಲ್ಲ ಅನ್ನದ ಬರ್ನಾರ್ಡೊ

ಹೈ ಸ್ಟ್ರೀಟಿನಲ್ಲಿ ಬರ್ನಾರ್ಡೊಸ್ ಅಂತ ಬೋರ್ಡ್ ಇರುವ ಚಾರಿಟಿ ಅಂಗಡಿಯನ್ನು ನೀವೆಲ್ಲ ನೋಡಿಯೇ ಇರ್ತೀರಿ. ಹಳೇ ಪುಸ್ತಕ, ಆಟದ ಸಾಮಾನು, ಯಾರೋ ಎರಡೇ ಸಲ ಹಾಕಿದ ಕೋಟು, ಎಲ್ಲ ಅಲ್ಲಿ ಸಿಗುತ್ತೆ. ಆದರೆ ಈ ಬರ್ನಾರ್ಡೊ ಯಾರು ಅಂತ ಕೇಳಿದರೆ ದೊಡ್ಡವರೂ ತಡವರಿಸುತ್ತಾರೆ.

ಥಾಮಸ್ ಜಾನ್ ಬರ್ನಾರ್ಡೊ ಹುಟ್ಟಿದ್ದು 1845ರ ಜುಲೈ 4ರಂದು, ಐರ್ಲೆಂಡಿನ ಡಬ್ಲಿನ್‌ನಲ್ಲಿ. ಡಾಕ್ಟರಾಗಬೇಕು, ಮಿಷನರಿಯಾಗಿ ಚೀನಾಕ್ಕೆ ಹೋಗಬೇಕು ಅನ್ನುವುದು ಅವರ ಆಸೆ. ಅದಕ್ಕಾಗಿಯೇ 1866ರಲ್ಲಿ ಲಂಡನ್ನಿಗೆ ಬಂದರು. ಅದೇ ವರ್ಷ ಊರಿನ ಈಸ್ಟ್ ಎಂಡ್‌ನಲ್ಲಿ ಕಾಲರಾ ಹಬ್ಬಿ ಸಾವಿರಾರು ಜನ ಸತ್ತರು. ಅಪ್ಪ ಅಮ್ಮನನ್ನು ಕಳೆದುಕೊಂಡ ಮಕ್ಕಳು ಬೀದಿಗೆ ಬಿದ್ದರು. ಮರುವರ್ಷ ಬರ್ನಾರ್ಡೊ ಅಲ್ಲೇ ಬಡ ಮಕ್ಕಳಿಗಾಗಿ ಒಂದು ಪುಕ್ಕಟೆ ಶಾಲೆ ಶುರುಮಾಡಿದರು.

ಒಂದು ರಾತ್ರಿ ಪಾಠ ಮುಗಿದರೂ ಜಿಮ್ ಜಾರ್ವಿಸ್ ಅನ್ನುವ ಹುಡುಗ ಮನೆಗೆ ಹೊರಡಲೇ ಇಲ್ಲ. ಹೊರಡೋಕೆ ಅವನಿಗೆ ಮನೆ ಇದ್ದರೆ ತಾನೆ! ತನ್ನಂಥವರು ಇನ್ನೂ ಇದ್ದಾರೆ ಅಂತ ಬರ್ನಾರ್ಡೊ ಅವರನ್ನು ಕತ್ತಲಲ್ಲಿ ಕರೆದುಕೊಂಡು ಹೋಗಿ, ಒಂದು ಚಾವಣಿಯ ಮೇಲೆ ಚಳಿಯಲ್ಲಿ ಮುದುರಿ ಮಲಗಿದ್ದ ಹುಡುಗರನ್ನು ತೋರಿಸಿದ. ಇದು ಬರ್ನಾರ್ಡೊ ತಾವೇ ಹೇಳುತ್ತಿದ್ದ ಕತೆ. ಕತೆ ಹೇಳುವುದರಲ್ಲಿ ಅವರು ಗಟ್ಟಿಗರು, ಸ್ವಲ್ಪ ಉಪ್ಪು ಖಾರ ಸೇರಿಸಿದ್ದರೂ ಸೇರಿಸಿರಬಹುದು. ಚೀನಾದ ಮಾತಂತೂ ಅಲ್ಲಿಗೆ ನಿಂತುಹೋಯಿತು. 1870ರಲ್ಲಿ ಸ್ಟೆಪ್ನಿ ಕಾಸ್‌ವೇ ಅನ್ನುವ ಬೀದಿಯಲ್ಲಿ ಹುಡುಗರಿಗಾಗಿ ಮೊದಲ ಮನೆ ತೆರೆದರು.

ಅಲ್ಲಿಗೆ ಜಾನ್ ಸೋಮರ್ಸ್ ಅಂತ ಹನ್ನೊಂದು ವರ್ಷದ ಹುಡುಗ ಬಂದ. ಕೆಂಪು ಕೂದಲಿದ್ದದ್ದರಿಂದ ಎಲ್ಲರೂ ಅವನನ್ನು ಕ್ಯಾರೆಟ್ಸ್ ಅಂತ ಕರೀತಿದ್ದರು. ಮನೆಯಲ್ಲಿ ಜಾಗ ಇಲ್ಲ, ಸ್ವಲ್ಪ ದಿನ ಬಿಟ್ಟು ಬಾ ಅಂತ ಅವನನ್ನು ಕಳಿಸಿಬಿಟ್ಟರು. ಕೆಲವೇ ದಿನಗಳಲ್ಲಿ ಚಳಿ ಮತ್ತು ಹಸಿವಿನಿಂದ ಅವನು ಸತ್ತುಹೋದ. ಅದಾದ ಮೇಲೆ, ಗತಿಯಿಲ್ಲದ ಯಾವ ಮಗುವನ್ನೂ ಇಲ್ಲಿಂದ ವಾಪಸ್ ಕಳಿಸುವುದಿಲ್ಲ ಅಂತ ಬರ್ನಾರ್ಡೊ ಬಾಗಿಲಿಗೆ ಬೋರ್ಡ್ ಹಾಕಿಸಿದರು. ಎಷ್ಟೇ ಸಾಲವಾದರೂ ಆ ಬೋರ್ಡ್ ತೆಗೆಸಲಿಲ್ಲ.

1873ರಲ್ಲಿ ಸಿರೀ ಎಲ್ಮ್ಸ್ಲಿ ಅವರನ್ನು ಮದುವೆಯಾದರು. ಉಡುಗೊರೆಯಾಗಿ ಲಂಡನ್ನಿನ ಹೊರಗೆ ಬಾರ್ಕಿಂಗ್‌ಸೈಡ್‌ನಲ್ಲಿ ಒಂದು ಮನೆ ಸಿಕ್ಕಿತು. ಗಂಡ ಹೆಂಡತಿ ಅಲ್ಲಿ ಹೆಣ್ಣುಮಕ್ಕಳಿಗಾಗಿ ಸಣ್ಣ ಸಣ್ಣ ಮನೆಗಳ ಒಂದು ಊರನ್ನೇ ಕಟ್ಟಿಸಿದರು. ಪ್ರತಿ ಮನೆಗೂ ನೋಡಿಕೊಳ್ಳಲು ಒಬ್ಬ ತಾಯಿಯಂಥವರು. ನೂರು ಮಕ್ಕಳು ಒಂದೇ ಹಾಲಿನಲ್ಲಿ ಸಾಲಾಗಿ ಮಲಗುವುದಕ್ಕೂ ಇದಕ್ಕೂ ಎಷ್ಟು ವ್ಯತ್ಯಾಸ!

1880ರ ದಶಕದಲ್ಲಿ ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಮಕ್ಕಳನ್ನು ಹಳ್ಳಿಗಳ ಸಂಸಾರಗಳಿಗೆ ಕಳಿಸಿ, ಸಾಕಲು ಹಣ ಕೊಟ್ಟು, ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರಾ ಅಂತ ಆಗಾಗ ಹೆಂಗಸರಿಂದ ತಪಾಸಣೆ ಮಾಡಿಸುತ್ತಿದ್ದರು. ಇವತ್ತು ಫಾಸ್ಟರ್ ಕೇರ್ ಅಂತೀವಲ್ಲ, ಹೆಚ್ಚುಕಡಿಮೆ ಅದೇ. ಕೃಷ್ಣ ದೇವಕಿಯ ಮಗನಾದರೂ ಬೆಳೆದದ್ದು ಯಶೋದೆಯ ಮಡಿಲಲ್ಲಿ ಅಂತ ಗೊತ್ತಿರುವ ನಮ್ಮ ಮಕ್ಕಳಿಗೆ ಇದನ್ನು ಅರ್ಥ ಮಾಡಿಸೋದು ಕಷ್ಟವಲ್ಲ.

ಆದರೆ ಬರ್ನಾರ್ಡೊ ಅವರನ್ನು ದೇವರು ಮಾಡಿ ಕೂರಿಸುವುದು ಬೇಡ. ದೇಣಿಗೆ ಬರಲಿ ಅಂತ ಮಕ್ಕಳಿಗೆ ಹರಕು ಬಟ್ಟೆ ಹಾಕಿಸಿ ಫೋಟೋ ತೆಗೆಸಿದ್ದು 1877ರಲ್ಲಿ ವಿಚಾರಣೆಗೆ ಬಂತು. ಅಪ್ಪ ಅಮ್ಮ ಬದುಕಿದ್ದರೂ ಅವರನ್ನು ಕೇಳದೆ ಕೆಲವು ಮಕ್ಕಳನ್ನು ದೂರ ಕಳಿಸಿ ಕೋರ್ಟ್ ಮೆಟ್ಟಿಲು ಹತ್ತಿದರು. ಅವರ ಸಂಸ್ಥೆ 1882ರಿಂದ ಮಕ್ಕಳನ್ನು ಗುಂಪುಗುಂಪಾಗಿ ಕೆನಡಾಕ್ಕೆ ಹಡಗು ಹತ್ತಿಸಿತು. ಹೀಗೆ ಹೋದವರು ಒಟ್ಟು ಸುಮಾರು 30,000. ಕೆಲವರಿಗೆ ಒಳ್ಳೆಯ ಮನೆ ಸಿಕ್ಕಿತು. ಎಷ್ಟೋ ಮಕ್ಕಳು ಹೊಲದಲ್ಲಿ ಕೂಲಿಯಾಳುಗಳಾಗಿ ದುಡಿದರು, ಅಣ್ಣತಮ್ಮ ಅಕ್ಕತಂಗಿಯರನ್ನು ಮತ್ತೆ ನೋಡಲೇ ಇಲ್ಲ. ಬೇರೆ ಬೇರೆ ಸಂಸ್ಥೆಗಳು ಹೀಗೆ ಹೊರದೇಶಗಳಿಗೆ ಮಕ್ಕಳನ್ನು ಕಳಿಸಿದ್ದಕ್ಕೆ ಬ್ರಿಟಿಷ್ ಪ್ರಧಾನಿ ಗಾರ್ಡನ್ ಬ್ರೌನ್ 2010ರಲ್ಲಿ ದೇಶದ ಪರವಾಗಿ ಕ್ಷಮೆ ಕೇಳಿದರು. ಒಳ್ಳೆಯದು ಮಾಡುತ್ತಿದ್ದೇನೆ ಅನ್ನುವ ಧೈರ್ಯದಲ್ಲಿ ಬರ್ನಾರ್ಡೊ ಮಗುವಿನ ಮಾತನ್ನೂ ಹೆತ್ತವರ ಮಾತನ್ನೂ ಕೇಳಲಿಲ್ಲ ಅಂತಲೇ ನನಗನ್ನಿಸುತ್ತದೆ.

1905ರ ಸೆಪ್ಟೆಂಬರ್ 19ರಂದು ಅವರು ತೀರಿಕೊಂಡಾಗ ಅವರ ಆಸರೆಯಲ್ಲಿ 8,000ಕ್ಕೂ ಹೆಚ್ಚು ಮಕ್ಕಳಿದ್ದರು. ಅವರಲ್ಲಿ ಸುಮಾರು ಅರ್ಧದಷ್ಟು ಮಕ್ಕಳು ಸಾಕು ಮನೆಗಳಲ್ಲಿದ್ದರು.

ದೊಡ್ಡವರಿಗೆ ಒಂದು ಮಾತು. ಫಾಸ್ಟರಿಂಗ್ ಅಂದರೆ ದತ್ತು ಅಲ್ಲ. ಮಗು ಕೆಲವು ದಿನವೂ ಇರಬಹುದು, ವರ್ಷಗಟ್ಟಲೆಯೂ ಇರಬಹುದು. ಸಾಧ್ಯವಾದಾಗ ಹೆತ್ತವರ ಹತ್ತಿರ ವಾಪಸ್ ಹೋಗುತ್ತದೆ. ಸಾಕುವವರಿಗೆ ಸ್ವಂತ ಮನೆ ಇರಲೇಬೇಕೆಂದಿಲ್ಲ, ಮದುವೆಯಾಗಿರಬೇಕೆಂದೂ ಇಲ್ಲ. ಸಾಮಾನ್ಯವಾಗಿ ಮಗುವಿಗೆ ಒಂದು ರೂಮ್ ಬೇಕು. ಕೌನ್ಸಿಲ್‌ಗೆ ಅಥವಾ ಒಂದು ಫಾಸ್ಟರಿಂಗ್ ಏಜೆನ್ಸಿಗೆ ಅರ್ಜಿ ಹಾಕಿದರೆ ಸೋಶಿಯಲ್ ವರ್ಕರ್ ಹಲವು ಸಲ ಮನೆಗೆ ಬಂದು ಮಾತಾಡುತ್ತಾರೆ, ಪೊಲೀಸ್ ದಾಖಲೆ ನೋಡುತ್ತಾರೆ, ಟ್ರೈನಿಂಗ್ ಕೊಡುತ್ತಾರೆ. ಎಲ್ಲ ಮುಗಿಯಲು ತಿಂಗಳುಗಳೇ ಹಿಡಿಯುತ್ತವೆ. ಮನೆಯಲ್ಲಿ ಮಕ್ಕಳಿದ್ದರೆ ಅವರನ್ನೂ ಕೂರಿಸಿಕೊಂಡು ಕೇಳುತ್ತಾರೆ. ನಿಮ್ಮ ಆಟದ ಸಾಮಾನು, ನಿಮ್ಮ ಅಮ್ಮನ ಸಮಯ, ಎರಡನ್ನೂ ಹಂಚಿಕೊಳ್ಳಬೇಕಾಗುತ್ತೆ ನೋಡಿ!

ಸೆಂಟ್ರಲ್ ಲೈನ್‌ನ ಬಾರ್ಕಿಂಗ್‌ಸೈಡ್‌ನಲ್ಲಿ ಇಳಿದರೆ ಆ ಪುಟ್ಟ ಮನೆಗಳಲ್ಲಿ ಕೆಲವು ಈಗಲೂ ಹುಲ್ಲುಹಾಸಿನ ಸುತ್ತ ನಿಂತಿವೆ. ಬರ್ನಾರ್ಡೊ ಅವರ ಸಮಾಧಿಯೂ ಅಲ್ಲೇ ಇದೆ.