ಮಾಸಿದ ಬಣ್ಣಕ್ಕೆ ಮಗನ ಕೈ
ಅಳತೆಗೆ ಸಣ್ಣದಾದ ಬಿಳಿ ಉಡುಪನ್ನು ಎದೆಗೆ ಹಿಡಿದು ಕುಳಿತ ಮರ್ಲಿನ್ ಮನ್ರೋ ಚಿತ್ರವನ್ನು ನೀವೂ ನೋಡಿರಬಹುದು. 1954ರಲ್ಲಿ ಅದನ್ನು ತೆಗೆದವರು ಮಿಲ್ಟನ್ ಗ್ರೀನ್. 1922ರಲ್ಲಿ ನ್ಯೂಯಾರ್ಕ್‌ನಲ್ಲಿ ಹುಟ್ಟಿದ ಅವರು 23ನೇ ವಯಸ್ಸಿಗೇ ಬಣ್ಣದ ಛಾಯಾಗ್ರಹಣದಲ್ಲಿ ಹೆಸರಾದರು. ‘ಲುಕ್’, ‘ಲೈಫ್’ ಪತ್ರಿಕೆಗಳಿಗೆ ತಾರೆಯರ ಚಿತ್ರ ತೆಗೆದರು. ಸ್ಟುಡಿಯೊ ಕೊಡುತ್ತಿದ್ದ ಪಾತ್ರಗಳಿಂದ ಬೇಸತ್ತಿದ್ದ ಮನ್ರೋ ಜೊತೆಗೂಡಿ ಸಿನಿಮಾ ಸಂಸ್ಥೆ ಕಟ್ಟಿದರು. 1957ರಲ್ಲಿ ಆ ಪಾಲುದಾರಿಕೆ ಮುರಿಯಿತು.

1985ರಲ್ಲಿ ಗ್ರೀನ್ ತೀರಿಕೊಂಡರು. ಫಿಲ್ಮಿನ ಬಣ್ಣ ರಾಸಾಯನಿಕ. ವರ್ಷ ಕಳೆದಂತೆ ಮಾಸುತ್ತದೆ. ಅವರ ಚಿತ್ರಗಳಿಗೂ ಅದೇ ಗತಿಯಾಯಿತು. ಮಗ ಜೋಶುವಾ ಅವನ್ನು ಸ್ಕ್ಯಾನ್ ಮಾಡಿ, ಕಂಪ್ಯೂಟರ್‌ನಲ್ಲಿ ಬಣ್ಣ ಸರಿಪಡಿಸಿ ಉಳಿಸಿದರು.

ಬಿಇ ಓದುತ್ತಿರುವ ನನಗೆ ಮಗನ ಕೆಲಸವೂ ತಂದೆಯದರಷ್ಟೇ ದೊಡ್ಡದಾಗಿ ಕಾಣುತ್ತದೆ. ಹೊಸದನ್ನು ಮಾಡುವವರಷ್ಟೇ, ಮಾಡಿಟ್ಟದ್ದನ್ನು ಕಾಯುವವರೂ ಬೇಕು. ಆ ಕೆಲಸಕ್ಕೂ ಓದು ಬೇಕು.