ಬೆಳಕಿನ ಉಂಗುರದ ಫೋಟೊ ನಿಜ, ಆದರೆ ಅದರ ಹಿಂದಿನ ಲೆಕ್ಕ ಯಾರದ್ದು?

ನಡುವೆ ಹೊಳೆಯುವ ಒಂದು ಗ್ಯಾಲಕ್ಸಿ, ಅದರ ಸುತ್ತ ಬಳೆಯಂಥ ಬೆಳಕಿನ ಉಂಗುರ. ಈ ಫೋಟೊ ನಿಮ್ಮ ವಾಟ್ಸಾಪ್ ಗ್ರೂಪಿಗೂ ಬಂದಿರಬಹುದು. ಫೋಟೊ ನಕಲಿಯಲ್ಲ. ಯುರೋಪಿನ ಯೂಕ್ಲಿಡ್ ಬಾಹ್ಯಾಕಾಶ ದೂರದರ್ಶಕ ತೆಗೆದ ಈ ಚಿತ್ರ 2025ರ ಫೆಬ್ರವರಿಯಲ್ಲಿ ಬಿಡುಗಡೆಯಾಯಿತು. ಆದರೆ ಜೊತೆಗೆ ಬಂದ ಸಾಲಿನಲ್ಲಿ, ಇಂಥ ಉಂಗುರ ಮುಂದೊಂದು ದಿನ ಕಾಣುತ್ತದೆ ಎಂದು ಐನ್‌ಸ್ಟೈನ್ ಭವಿಷ್ಯ ನುಡಿದಿದ್ದರು ಅಂತಿದ್ದರೆ ಅದು ಅರ್ಧ ಸತ್ಯ.

ಗುರುತ್ವ ಬೆಳಕನ್ನು ಬಾಗಿಸುತ್ತದೆ ಎಂದು ಲೆಕ್ಕ ಹಾಕಿದ್ದು ಐನ್‌ಸ್ಟೈನ್ ಅವರೇ. ಒಂದು ನಕ್ಷತ್ರದ ನೇರ ಹಿಂದೆ ಇನ್ನೊಂದು ನಕ್ಷತ್ರ ಬಂದರೆ ಹಿಂದಿನದರ ಬೆಳಕು ಉಂಗುರದಂತೆ ಕಾಣಬೇಕು ಎಂದು 1936ರಲ್ಲಿ ಅವರು ಬರೆದದ್ದೂ ಹೌದು. ಅದೂ ರೂಡಿ ಮಾಂಡ್ಲ್ ಎಂಬ ಎಂಜಿನಿಯರ್ ಬೆನ್ನು ಬಿಡದೆ ಒತ್ತಾಯಿಸಿದ ಮೇಲೆ. ಆದರೆ ಅದೇ ಲೇಖನದಲ್ಲಿ, ಇದನ್ನು ಕಣ್ಣಾರೆ ನೋಡುವ ಆಸೆ ಬೇಡ ಎಂಬರ್ಥದ ಮಾತನ್ನೂ ಹೇಳಿದ್ದರು. ನಕ್ಷತ್ರಗಳನ್ನು ಬಿಡಿ, ಗ್ಯಾಲಕ್ಸಿಗಳನ್ನು ನೋಡಿ ಎಂದು ಮರುವರ್ಷವೇ ವಾದಿಸಿದವರು ಫ್ರಿಟ್ಜ್ ಜ್ವಿಕಿ.

ಜ್ವಿಕಿ ಹುಟ್ಟಿದ್ದು 1898ರ ಫೆಬ್ರವರಿ 14ರಂದು, ಬಲ್ಗೇರಿಯಾದ ವಾರ್ನಾದಲ್ಲಿ. ಅಪ್ಪ ಸ್ವಿಟ್ಜರ್ಲೆಂಡಿನವರು, ಅಮ್ಮ ಚೆಕ್ ಮೂಲದವರು. ಆರು ವರ್ಷಕ್ಕೇ ಅವರನ್ನು ಸ್ವಿಟ್ಜರ್ಲೆಂಡಿನ ಗ್ಲಾರುಸ್‌ನಲ್ಲಿದ್ದ ಅಜ್ಜ-ಅಜ್ಜಿಯ ಮನೆಗೆ ಕಳಿಸಿದರು. ಜ್ಯೂರಿಕ್‌ನಲ್ಲಿ ಓದು ಮುಗಿಸಿ 1925ರಲ್ಲಿ ಅಮೆರಿಕದ ಕ್ಯಾಲ್‌ಟೆಕ್ ಸೇರಿದರು. ಉಳಿದ ವೃತ್ತಿಜೀವನವೆಲ್ಲ ಅಲ್ಲೇ, ಆದರೆ ಅಮೆರಿಕದ ಪೌರತ್ವವನ್ನು ಮಾತ್ರ ಕೊನೆಯವರೆಗೂ ಪಡೆಯಲಿಲ್ಲ.

1933ರಲ್ಲಿ ಅವರು ಕೋಮಾ ಗ್ಯಾಲಕ್ಸಿ ಗುಚ್ಛದ ಲೆಕ್ಕಕ್ಕೆ ಕೂತರು. ಅಲ್ಲಿನ ಗ್ಯಾಲಕ್ಸಿಗಳ ವೇಗದಲ್ಲಿ ಸೆಕೆಂಡಿಗೆ ಸಾವಿರ ಕಿಲೋಮೀಟರಿನಷ್ಟು ಏರುಪೇರಿತ್ತು. ಕಣ್ಣಿಗೆ ಕಾಣುವ ದ್ರವ್ಯದ ಗುರುತ್ವ ಇಷ್ಟು ವೇಗವನ್ನು ಹಿಡಿದಿಡಲು ಸಾಲದು, ಗುಚ್ಛ ಎಂದೋ ಚದುರಿ ಹೋಗಬೇಕಿತ್ತು. ಹಿಡಿದಿಡಬೇಕಾದರೆ ಕಾಣುವುದಕ್ಕಿಂತ 400 ಪಟ್ಟು ದ್ರವ್ಯ ಬೇಕೆಂದು ಲೆಕ್ಕ ಬಂತು. ಕಾಣದ ಆ ಪಾಲನ್ನು ಜರ್ಮನ್ ಭಾಷೆಯಲ್ಲಿ ಕಪ್ಪು ದ್ರವ್ಯ ಎಂದು ಕರೆದರು. ಇಂದಿನ ಡಾರ್ಕ್ ಮ್ಯಾಟರ್ ಅದೇ. 400 ಎಂಬ ಸಂಖ್ಯೆ ಈಗ ನಿಲ್ಲುವುದಿಲ್ಲ, ಏಕೆಂದರೆ ಆಗಿನ ದೂರದ ಅಳತೆಗಳೇ ತಪ್ಪಾಗಿದ್ದವು. ಕೊರತೆ ಮಾತ್ರ ಹಾಗೇ ಉಳಿಯಿತು.

ವೇಗದಿಂದ ತೂಕ ಅಳೆಯುವ ಈ ಲೆಕ್ಕವನ್ನು ಬೇರೊಂದು ದಾರಿಯಿಂದ ಪರೀಕ್ಷಿಸುವುದು ಹೇಗೆ? ಮಾಂಡ್ಲ್ ಅವರ ಯೋಚನೆ, ಟಿವಿ ತಂತ್ರಜ್ಞಾನದ ಹರಿಕಾರರಲ್ಲಿ ಒಬ್ಬರಾದ ಜ್ವೋರಿಕಿನ್ ಮೂಲಕ ಜ್ವಿಕಿಯವರ ಕಿವಿಗೂ ಬಿದ್ದಿತ್ತು. ಒಂದು ನಕ್ಷತ್ರಕ್ಕಿಂತ ಇಡೀ ಗ್ಯಾಲಕ್ಸಿಯ ತೂಕ ಎಷ್ಟೋ ಹೆಚ್ಚು, ಬೆಳಕು ಬಾಗುವುದೂ ಹೆಚ್ಚು, ಉಂಗುರವೂ ದೊಡ್ಡದು. ಹಾಗಾಗಿ ಗ್ಯಾಲಕ್ಸಿಗಳು ಗುರುತ್ವ ಮಸೂರಗಳಾಗಿ ಕಂಡೇ ಕಾಣುತ್ತವೆ, ಅವುಗಳಿಂದ ಗ್ಯಾಲಕ್ಸಿಯನ್ನೇ ತೂಗಬಹುದು ಎಂದು 1937ರಲ್ಲಿ ಪ್ರಕಟಿಸಿದರು. ಹೆಚ್ಚಿನವರು ಅದರ ಬೆನ್ನು ಹತ್ತಲಿಲ್ಲ.

ತೂಗುವುದು ಹೇಗೆ ಎಂದು ಸ್ವಲ್ಪ ನಿಧಾನವಾಗಿ ನೋಡೋಣ. ಇಂದು ಸಿಕ್ಕಿರುವ ಮಸೂರ ಗ್ಯಾಲಕ್ಸಿಗಳಲ್ಲಿ ಬಹುಪಾಲು ದೀರ್ಘವೃತ್ತಾಕಾರದವು. ಅಂದರೆ ಸುರುಳಿ ತೋಳುಗಳಿಲ್ಲದ, ಮೊಟ್ಟೆಯಾಕಾರದ, ಹಳೆಯ ನಕ್ಷತ್ರಗಳೇ ತುಂಬಿದ ಭಾರೀ ಗ್ಯಾಲಕ್ಸಿಗಳು. ಗೂಡಿನ ಸುತ್ತ ಜೇನುಹುಳುಗಳು ಹಾರುವಂತೆ ಇವುಗಳಲ್ಲಿ ನಕ್ಷತ್ರಗಳು ಎಲ್ಲ ದಿಕ್ಕಿಗೂ ಸುತ್ತುತ್ತವೆ. ಕೆಲವು ನಮ್ಮ ಕಡೆಗೆ ಬರುತ್ತವೆ, ಕೆಲವು ದೂರ ಹೋಗುತ್ತವೆ. ಹಾಗಾಗಿ ಗ್ಯಾಲಕ್ಸಿಯ ರೋಹಿತದಲ್ಲಿರುವ ಗೆರೆಗಳು ಅಗಲವಾಗುತ್ತವೆ. ಎಷ್ಟು ಅಗಲವೋ ಅಷ್ಟು ವೇಗ, ಎಷ್ಟು ವೇಗವೋ ಅಷ್ಟು ತೂಕ. ಇದು ಒಂದು ತಕ್ಕಡಿ.

ಇನ್ನೊಂದು ತಕ್ಕಡಿ ಉಂಗುರ. ಮಸೂರವಾದ ಗ್ಯಾಲಕ್ಸಿ ಮತ್ತು ಹಿಂದಿನ ಗ್ಯಾಲಕ್ಸಿ ಎರಡರ ದೂರವೂ ಗೊತ್ತಿದ್ದರೆ, ಉಂಗುರದ ಅಗಲದಿಂದ ಅದರೊಳಗಿನ ಒಟ್ಟು ದ್ರವ್ಯ ಎಷ್ಟೆಂದು ಹೇಳಬಹುದು. ದ್ರವ್ಯ ಹೊಳೆಯಲಿ ಬಿಡಲಿ, ಉಂಗುರಕ್ಕೆ ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಆಮೇಲೆ ಗ್ಯಾಲಕ್ಸಿಯ ಬೆಳಕನ್ನು ಅಳೆದು ನಕ್ಷತ್ರಗಳ ತೂಕ ಅಂದಾಜಿಸಿ ಕಳೆಯುತ್ತಾರೆ. ಅಲ್ಲೇ ತಲೆನೋವು. ಮಂಕಾದ ಪುಟ್ಟ ನಕ್ಷತ್ರಗಳ ಬೆಳಕು ಕಡಿಮೆ, ಆದರೆ ಸಂಖ್ಯೆ ಅಪಾರ. ಅವು ಎಷ್ಟಿವೆ ಎಂಬ ಊಹೆ ಬದಲಾದರೆ ಕಪ್ಪು ದ್ರವ್ಯದ ಪಾಲೂ ಬದಲಾಗುತ್ತದೆ. ಗ್ಯಾಲಕ್ಸಿ ಹೆಚ್ಚು ಚಪ್ಪಟೆಯಾಗಿದ್ದರೆ ಉಂಗುರ ಒಡೆದು ನಾಲ್ಕು ಚುಕ್ಕೆಗಳಾಗಿಯೂ ಕಾಣಬಹುದು. ಅದಕ್ಕೇ ಆಕಾರವನ್ನೂ ಎಚ್ಚರದಿಂದ ಅಳೆಯಬೇಕು.

ಎಲ್ಲರೂ ಕಡೆಗಣಿಸಿದ ಜಾಣನೇ ಕೊನೆಗೆ ಗೆಲ್ಲುತ್ತಾನೆ ಎಂಬ ಕಥೆಗಳು ಬೇಗ ಶೇರ್ ಆಗುತ್ತವೆ. ಜ್ವಿಕಿಯವರ ಬದುಕನ್ನು ಹಾಗೆ ಹೇಳಲು ನಮಗೆ ಮನಸ್ಸಿಲ್ಲ. ದೂರದ ಗ್ಯಾಲಕ್ಸಿಗಳ ಬೆಳಕು ಕೆಂಪಾಗುವುದಕ್ಕೆ, ದಾರಿಯಲ್ಲಿ ಬೆಳಕಿನ ಶಕ್ತಿ ಸೋರುವುದೇ ಕಾರಣ ಎಂದು 1929ರಲ್ಲಿ ಹೇಳಿದ್ದೂ ಅವರೇ. ಅದು ತಪ್ಪೆಂದು ಸಾಬೀತಾಯಿತು. ನಾಲಿಗೆ ಹರಿತ, 1971ರ ತಮ್ಮ ಗ್ಯಾಲಕ್ಸಿ ಪಟ್ಟಿಯ ಮುನ್ನುಡಿಯಲ್ಲೂ ಸಹೋದ್ಯೋಗಿಗಳ ಮೇಲೆ ಹರಿಹಾಯ್ದಿದ್ದರು. ಅದೇ ಮನುಷ್ಯ ಎರಡನೇ ಮಹಾಯುದ್ಧದ ನಂತರ, ಯುದ್ಧದಲ್ಲಿ ಹಾಳಾದ ಗ್ರಂಥಾಲಯಗಳಿಗಾಗಿ ಪುಸ್ತಕ, ನಿಯತಕಾಲಿಕಗಳನ್ನು ಸಂಗ್ರಹಿಸಿ ಕಳಿಸಿದ್ದರು. ಸೂಪರ್‌ನೋವಾಗಳನ್ನು ಅವರು ಪತ್ತೆ ಹಚ್ಚಿದ್ದು 120ರಷ್ಟು.

1974ರ ಫೆಬ್ರವರಿ 8ರಂದು ಅವರು ತೀರಿಕೊಂಡರು. ಮೊದಲ ಗುರುತ್ವ ಮಸೂರ ಸಿಕ್ಕಿದ್ದು 1979ರಲ್ಲಿ, ಐದೇ ವರ್ಷಗಳ ನಂತರ. ಅಕ್ಕಪಕ್ಕದಲ್ಲಿ ಎರಡು ಕ್ವೇಸಾರ್‌ಗಳಂತೆ ಕಂಡದ್ದು ಒಂದೇ ಕ್ವೇಸಾರ್‌ನ ಎರಡು ಬಿಂಬವಾಗಿತ್ತು. ನಡುವೆ ಮಸೂರವಾಗಿ ಕೂತಿದ್ದದ್ದು ಒಂದು ದೈತ್ಯ ದೀರ್ಘವೃತ್ತಾಕಾರದ ಗ್ಯಾಲಕ್ಸಿ.

ಇನ್ನು ನಿಮ್ಮ ಮೊಬೈಲಿಗೆ ಬಂದ ಫೋಟೊ. ಅದರ ನಡುವೆ ಇರುವುದು ಎನ್‌ಜಿಸಿ 6505, ಸುಮಾರು 59 ಕೋಟಿ ಜ್ಯೋತಿರ್ವರ್ಷ ದೂರದ ದೀರ್ಘವೃತ್ತಾಕಾರದ ಗ್ಯಾಲಕ್ಸಿ. ಉಂಗುರವಾಗಿ ಕಾಣುವ ಬೆಳಕು ಅದರ ಹಿಂದೆ, 442 ಕೋಟಿ ಜ್ಯೋತಿರ್ವರ್ಷ ದೂರದಲ್ಲಿರುವ ಬೇರೊಂದು ಗ್ಯಾಲಕ್ಸಿಯದು. ಉಂಗುರದೊಳಗಿನ ದ್ರವ್ಯವನ್ನು ತೂಗಿದಾಗ ಅದರಲ್ಲಿ ಕಪ್ಪು ದ್ರವ್ಯ ನೂರಕ್ಕೆ ಸುಮಾರು 11 ಪಾಲು ಎಂದು ಬಂತು. ಕಡಿಮೆ ಅನಿಸಿದರೆ ಗಮನಿಸಿ, ಉಂಗುರ ಸುತ್ತುವರಿದಿರುವುದು ನಕ್ಷತ್ರಗಳು ಕಿಕ್ಕಿರಿದ ನಡುಭಾಗವನ್ನು ಮಾತ್ರ. 2023ರ ಸೆಪ್ಟೆಂಬರಿನಲ್ಲಿ, ಯೂಕ್ಲಿಡ್‌ನ ಫೋಕಸ್ ಸರಿಯಿಲ್ಲದ ಪರೀಕ್ಷಾ ಚಿತ್ರಗಳಲ್ಲಿ ಈ ಉಂಗುರ ಮೊದಲು ಕಣ್ಣಿಗೆ ಬಿತ್ತು. ಗ್ಯಾಲಕ್ಸಿ ಮಾತ್ರ 1884ರಿಂದಲೂ ಗೊತ್ತಿತ್ತು. ಜ್ವಿಕಿ 1937ರಲ್ಲಿ ಲೆಕ್ಕ ಬರೆಯುತ್ತಿದ್ದಾಗಲೂ ಅದು ಪಟ್ಟಿಗಳಲ್ಲಿ ಇದ್ದೇ ಇತ್ತು, ಅದರ ಸುತ್ತ ಯಾರೂ ನೋಡದ ಉಂಗುರವೂ ಇತ್ತು.