ಜ್ಞಾನದಾನಂದಿನಿ ದೇವಿ: ಹೊಸ್ತಿಲು ದಾಟಲು ಒಂದು ಉಡುಪು

ಆಫೀಸಿನಲ್ಲಿ ಮುಖ್ಯ ಮೀಟಿಂಗ್ ಇದ್ದ ದಿನ ಸೀರೆ ಉಟ್ಟು ಹೋಗುವವರು ನಮ್ಮಲ್ಲಿ ಈಗಲೂ ಇದ್ದಾರೆ. ನಾನೂ ಅವರಲ್ಲಿ ಒಬ್ಬಳು. ಒಳಲಂಗ, ರವಿಕೆ, ಮುಂದೆ ನೆರಿಗೆ, ಎಡ ಹೆಗಲ ಮೇಲೆ ಸೆರಗು, ಅದಕ್ಕೊಂದು ಪಿನ್. ಹತ್ತು ನಿಮಿಷದ ಕೆಲಸ. ಆಮೇಲೆ ಸಂಜೆಯವರೆಗೆ ಬಟ್ಟೆಯ ಯೋಚನೆಯೇ ಬರುವುದಿಲ್ಲ, ಗಮನವೆಲ್ಲ ಎದುರಿಗಿರುವ ಕೆಲಸದ ಮೇಲೆ. ಈ ನೆಮ್ಮದಿಯನ್ನು ನೂರೈವತ್ತು ವರ್ಷಗಳ ಹಿಂದೆ ಒಬ್ಬ ಹೆಣ್ಣುಮಗಳು ಎಷ್ಟು ಕಷ್ಟಪಟ್ಟು ಹುಡುಕಿಕೊಂಡಳು ಎಂದು ಓದಿದ ಮೇಲೆ, ಅವರ ಬಗ್ಗೆ ನಮ್ಮ ಸ್ಮರಣ ಸಂಚಿಕೆಗೆ ಬರೆಯಬೇಕೆನಿಸಿತು.

ಜ್ಞಾನದಾನಂದಿನಿ ಹುಟ್ಟಿದ್ದು 1850ರಲ್ಲಿ, ಬಂಗಾಳದ ಜೆಸ್ಸೋರ್ ಜಿಲ್ಲೆಯಲ್ಲಿ. ಏಳೆಂಟು ವರ್ಷಕ್ಕೇ ಮದುವೆಯಾಗಿ ಕಲ್ಕತ್ತೆಯ ಜೋಡಾಸಾಂಕೋದ ಠಾಕೂರರ ಮನೆಗೆ ಸೊಸೆಯಾಗಿ ಬಂದರು. ಗಂಡ ಸತ್ಯೇಂದ್ರನಾಥ, ಕವಿ ರವೀಂದ್ರನಾಥರ ಅಣ್ಣ. ದೊಡ್ಡ ಮನೆ, ಓದು ಬರಹ ಬಲ್ಲ ಮನೆ, ಆದರೆ ಹೆಂಗಸರಿಗೆ ಅಂತಃಪುರವೇ ಲೋಕ. ಹೆಂಡತಿಯನ್ನು ನೋಡಬೇಕೆಂದ ಗೆಳೆಯ ಮನಮೋಹನ ಘೋಷರನ್ನು ಸತ್ಯೇಂದ್ರನಾಥರು ಒಂದು ರಾತ್ರಿ ಕದ್ದುಮುಚ್ಚಿ ಒಳಗೆ ಕರೆತಂದು ಸೊಳ್ಳೆಪರದೆಯೊಳಗೆ ಕೂರಿಸಿದರಂತೆ. ಗೆಳೆಯನೂ ಮಾತಾಡಲಿಲ್ಲ, ಹುಡುಗಿಯೂ ಮಾತಾಡಲಿಲ್ಲ. ಬಂದ ಹಾಗೆಯೇ ಸದ್ದಿಲ್ಲದೆ ವಾಪಸು!

1863ರಲ್ಲಿ ಸತ್ಯೇಂದ್ರನಾಥರು ಐ.ಸಿ.ಎಸ್. ಪಾಸು ಮಾಡಿದರು. ಹಾಗೆ ಪಾಸಾದ ಮೊದಲ ಭಾರತೀಯ ಅವರೇ. ಮರುವರ್ಷ ಬೊಂಬಾಯಿ ಪ್ರಾಂತ್ಯದಲ್ಲಿ ಕೆಲಸ ಸಿಕ್ಕಿತು, ಹೆಂಡತಿಯೂ ಜೊತೆಗೆ ಬರಬೇಕೆಂದು ಪಟ್ಟು ಹಿಡಿದರು. ತಂದೆ ದೇವೇಂದ್ರನಾಥರು ಒಪ್ಪಿದರು. ಆಗ ಎದುರಾಯಿತು ಯಾರೂ ಎಣಿಸದ ತೊಡಕು: ಹಾಕಿಕೊಂಡು ಹೋಗುವುದು ಏನನ್ನು?

ಆಗ ಬಂಗಾಳದ ಕುಲೀನ ಮನೆಗಳ ಹೆಂಗಸರು ಒಳಗೆ ಉಡುತ್ತಿದ್ದದ್ದು ಒಂದೇ ಒಂದು ಸೀರೆ. ರವಿಕೆ ಇಲ್ಲ, ಒಳಲಂಗ ಇಲ್ಲ. ಚಳಿಗೆ ಮೇಲೊಂದು ಶಾಲು. ಮನೆಯಿಂದ ಹೊರಗೆ ಹೋಗುವ ಪ್ರಶ್ನೆಯೇ ಇಲ್ಲದವರಿಗೆ ಹೊರಗಿನ ಉಡುಪು ಏಕೆ? ಹೊಸ್ತಿಲ ಕಾವಲಿಗೆ ಯಾರೂ ಕೋಲು ಹಿಡಿದು ನಿಲ್ಲಬೇಕಾಗಿರಲಿಲ್ಲ. ಮೈಮೇಲಿನ ಬಟ್ಟೆಯೇ ಕಾವಲು. ಕೊನೆಗೆ ಫ್ರೆಂಚ್ ಅಂಗಡಿಯೊಂದರಿಂದ ಪೌರಸ್ತ್ಯ ಶೈಲಿಯದೆಂದು ಹೇಳುವ ಒಂದು ಉಡುಪು ಹೊಲಿಸಿ ತಂದರು. ಅದು ಎಷ್ಟು ಗೊಂದಲದ್ದೆಂದರೆ ತಾವೇ ತೊಟ್ಟುಕೊಳ್ಳಲು ಆಗದೆ ಗಂಡನ ಸಹಾಯ ಬೇಕಾಗುತ್ತಿತ್ತು. ಮನೆಯ ಸೊಸೆ ಎಲ್ಲರೆದುರು ನಡೆದು ಹೋಗುವುದು ಬೇಡವೆಂದು ಹಡಗಿನವರೆಗೆ ಪಲ್ಲಕ್ಕಿಯಲ್ಲೇ ಕಳಿಸಿದರು.

ಬೊಂಬಾಯಿಯಲ್ಲಿ ಅವರು ಮೊದಲು ಇಳಿದುಕೊಂಡದ್ದು ಮಾಣೆಕ್‌ಜಿ ಕರ್ಸೆಟ್‌ಜಿ ಎಂಬ ಪಾರ್ಸಿ ಮಹನೀಯರ ಮನೆಯಲ್ಲಿ. ಆ ಮನೆಯ ಹೆಣ್ಣುಮಕ್ಕಳು ಅತಿಥಿಗಳ ಮುಂದೆ ಬರುತ್ತಿದ್ದರು, ಮಾತಾಡುತ್ತಿದ್ದರು, ಹೊರಗೆ ಓಡಾಡುತ್ತಿದ್ದರು. ಉಟ್ಟದ್ದು ಸೀರೆಯೇ! ಹದಿನಾಲ್ಕರ ಜ್ಞಾನದಾನಂದಿನಿ ಆ ಫ್ರೆಂಚ್ ಉಡುಪನ್ನು ಬದಿಗಿಟ್ಟು ಪಾರ್ಸಿ ರೀತಿಯನ್ನು ಕಲಿತರು. ಆದರೆ ಇದ್ದ ಹಾಗೆಯೇ ತೆಗೆದುಕೊಳ್ಳಲಿಲ್ಲ. ಪಾರ್ಸಿ ಸೆರಗು ಬಲ ಹೆಗಲಿನದು. ಇವರು ಅದನ್ನು ಎಡಕ್ಕೆ ತಂದರು. ಬಲಗೈ ಬಿಡುವಾಯಿತು. ಒಳಗೆ ಲಂಗ, ಮೇಲೆ ರವಿಕೆ, ಕಾಲಿಗೆ ಬೂಟು.

ಇಲ್ಲೊಂದು ಮಾತು ಹೇಳಲೇಬೇಕು. ಇಂದಿನ ಸೀರೆಯನ್ನು ಕಂಡುಹಿಡಿದವರೇ ಇವರು ಎಂದು ವಾಟ್ಸಾಪ್‌ನಲ್ಲಿ ಓಡಾಡುವುದನ್ನು ನಾನು ಒಪ್ಪುವುದಿಲ್ಲ. ನಮ್ಮ ಕಡೆಯ ಅಜ್ಜಿಯರು ಠಾಕೂರರ ಹೆಸರು ಕೇಳದೆಯೇ ಎಡಕ್ಕೆ ಸೆರಗು ಹೊದ್ದವರು. ಜ್ಞಾನದಾನಂದಿನಿ ಮಾಡಿದ್ದು ಬೇರೆ: ಬಂಗಾಳದ ಹೆಣ್ಣಿಗೆ ಸಭೆಯಲ್ಲಿ ನಿಲ್ಲಲು ಒಂದು ಪೂರ್ತಿ ಉಡುಪನ್ನು ಜೋಡಿಸಿದ್ದು, ಜೋಡಿಸಿ ಹಂಚಿದ್ದು. ಬಾಮಾಬೋಧಿನಿ ಪತ್ರಿಕೆಯಲ್ಲಿ, ಈ ರೀತಿ ಉಡುವುದನ್ನು ಕಲಿಸಿಕೊಡುತ್ತೇನೆಂದು ಪ್ರಕಟಣೆ ಕೊಟ್ಟರು. ಕಲಿಯಲು ಮೊದಲು ಬಂದವರಲ್ಲಿ ಐ.ಸಿ.ಎಸ್. ಅಧಿಕಾರಿ ಬಿಹಾರಿಲಾಲ್ ಗುಪ್ತರ ಪತ್ನಿ ಸೌದಾಮಿನಿ ಒಬ್ಬರು. ಬ್ರಾಹ್ಮಸಮಾಜದ ಮನೆಗಳಲ್ಲಿ ಹಬ್ಬಿದ್ದರಿಂದ ಅದಕ್ಕೆ ಬ್ರಾಹ್ಮಿಕಾ ಸೀರೆ ಎಂದೇ ಹೆಸರಾಯಿತು. ಇದೆಲ್ಲ ಅನುಕೂಲಸ್ಥರ ಮನೆಯ ಮಾತು ನಿಜ. ಬರಬರುತ್ತಾ ರವಿಕೆಯೇ ಮರ್ಯಾದೆಯ ಅಳತೆಗೋಲಾಗಿ, ಅದಿಲ್ಲದ ಬಡ ಹೆಂಗಸರು ಕೀಳಾಗಿ ಕಾಣುವಂತಾದದ್ದೂ ನಿಜ.

1866ರಲ್ಲಿ ಕಲ್ಕತ್ತೆಗೆ ಮರಳಿದಾಗ ಮನೆಯ ಸೊಸೆ ಎಲ್ಲರೆದುರು ಗಾಡಿಯಿಂದ ಇಳಿದದ್ದನ್ನು ಕಂಡು ಮನೆಯಲ್ಲಿ ಅಳು ಶುರುವಾಯಿತಂತೆ. ಅದೇ ವರ್ಷ ಗವರ್ನರ್ ಜನರಲ್ ಲಾರೆನ್ಸರ ಔತಣಕ್ಕೂ ಹೋದರು. ಪಾಥುರಿಯಾಘಾಟದ ಠಾಕೂರ್ ಮನೆತನದ ಪ್ರಸನ್ನಕುಮಾರರು ತಮ್ಮ ವಂಶದ ಹೆಣ್ಣು ಅಲ್ಲಿರುವುದನ್ನು ಕಂಡು ನಾಚಿಕೆಯಿಂದ ಎದ್ದು ಹೋದರು. ಉಳಿದವರು ಇವರನ್ನು ಭೋಪಾಲದ ಬೇಗಂ ಎಂದುಕೊಂಡರು, ಅಂಥ ಸಭೆಗೆ ಬರುವ ಭಾರತೀಯ ಮಹಿಳೆ ಬೇರೆ ಯಾರೂ ಇರಲಾರರೆಂದು. ಹದಿನಾರು ವರ್ಷದ ಹುಡುಗಿ ಆ ನೋಟಗಳ ನಡುವೆ ನಿಂತಿದ್ದಳು. ಮೈಮೇಲಿನ ಬಟ್ಟೆ ಜಾರೀತೆಂಬ ಭಯವೂ ಜೊತೆಗಿದ್ದಿದ್ದರೆ ನಿಲ್ಲುವುದು ಆಗುತ್ತಿತ್ತೇ?

1877ರಲ್ಲಿ, ಗರ್ಭಿಣಿಯಾಗಿದ್ದಾಗಲೇ, ಮೂವರು ಪುಟ್ಟ ಮಕ್ಕಳೊಂದಿಗೆ ಗಂಡನಿಲ್ಲದೆ ಇಂಗ್ಲೆಂಡಿಗೆ ಹೊರಟರು. ಅಲ್ಲಿ ಹುಟ್ಟಿದ ಮಗು ಉಳಿಯಲಿಲ್ಲ, ಕೊನೆಯ ಮಗನೂ ತೀರಿಕೊಂಡ. ಆದರೂ ಮರುವರ್ಷ ಗಂಡ ಬರುವವರೆಗೆ ಪರನಾಡಿನಲ್ಲಿ ಸಂಸಾರ ನಡೆಸಿದರು. ಈ ಧೈರ್ಯವನ್ನು ಯಾವ ಸೀರೆಯ ಲೆಕ್ಕಕ್ಕೂ ಬರೆಯಲಾರೆ.

ಸತ್ಯೇಂದ್ರನಾಥರಿಗೆ ಮುಂದೆ ನಮ್ಮ ಕಾರವಾರಕ್ಕೂ ವರ್ಗವಾಯಿತು. ಆಗ ಅದು ಬೊಂಬಾಯಿ ಪ್ರಾಂತ್ಯದಲ್ಲಿತ್ತು. ಕಾರವಾರದ ಕಡಲತೀರಕ್ಕೆ ಇಂದು ಠಾಕೂರರ ಹೆಸರಿರುವುದು, ಅಣ್ಣ ನ್ಯಾಯಾಧೀಶರಾಗಿದ್ದಾಗ ರವೀಂದ್ರನಾಥರು ಅಲ್ಲಿಗೆ ಬಂದು ತಂಗಿದ್ದರಿಂದ. 1885ರಲ್ಲಿ ಜ್ಞಾನದಾನಂದಿನಿ ಮಕ್ಕಳಿಗಾಗಿ ಬಾಲಕ್ ಎಂಬ ಪತ್ರಿಕೆ ತಂದರು. ಮೈದುನನ ನಾಟಕದಲ್ಲಿ ರಾಣಿಯ ಪಾತ್ರ ಮಾಡಿದರು, ಪತ್ರಿಕೆಯವರ ಹಂಗಿಸುವಿಕೆಯನ್ನೂ ಸಹಿಸಿದರು.

ಅವರು ತೀರಿಕೊಂಡದ್ದು 1941ರಲ್ಲಿ, ರವೀಂದ್ರನಾಥರು ಹೋದ ವರ್ಷವೇ. ಮಗಳು ಇಂದಿರಾ ಕಲ್ಕತ್ತಾ ವಿಶ್ವವಿದ್ಯಾಲಯದ ಪದವೀಧರೆಯಾಗಿದ್ದರು. 1956ರಲ್ಲಿ ಅವರು ಕೆಲಕಾಲ ವಿಶ್ವಭಾರತಿಯ ಹಂಗಾಮಿ ಉಪಕುಲಪತಿಯಾಗಿಯೂ ಕೆಲಸ ಮಾಡಿದರು.